ರಾಮಪತ್ರೆ ಮತ್ತು ಸಿಂಗಳೀಕ: ಒಂದು ಮರವನ್ನೂ ಒಂದು ಸಸ್ತನಿಯನ್ನೂ ಹೋಲಿಸುವುದು ಹೇಗೆ?

ಪ್ರಶ್ನೆ: ನಮ್ಮದು ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿ. ಪ್ರಥಮ ಪಿಯುಸಿ ಓದುತ್ತಿರುವ ಮಗಳಿಗೆ, ಒಂದು ಮರ ಮತ್ತು ಒಂದು ಸಸ್ತನಿಯನ್ನು ಆರಿಸಿಕೊಂಡು ವರ್ಗೀಕರಣ ಹಾಗೂ ಸಂರಕ್ಷಣೆಯ ದೃಷ್ಟಿಯಿಂದ ಹೋಲಿಸಿ ಬರೆಯುವ ಕೆಲಸ ಕೊಟ್ಟಿದ್ದಾರೆ. ಅವಳು ರಾಮಪತ್ರೆಯನ್ನೂ ಸಿಂಗಳೀಕವನ್ನೂ ಆರಿಸಿ ಕೋಷ್ಟಕ ತುಂಬಿದ್ದಾಳೆ. ಮೂರು ಅನುಮಾನಗಳು ಉಳಿದಿವೆ. ಒಂದು ಪುಸ್ತಕ ರಾಮಪತ್ರೆಯನ್ನು ದ್ವಿದಳ ಸಸ್ಯವೆನ್ನುತ್ತದೆ, ಇನ್ನೊಂದು ಹಾಗೆನ್ನುವುದಿಲ್ಲ, ಯಾವುದು ಸರಿ? ಕುಟುಂಬ, ಗಣ ಎಂಬ ಮೆಟ್ಟಿಲುಗಳು ಮರಕ್ಕೂ ಕೋತಿಗೂ ಒಂದೇ ತೂಕದವೇ? ಅಪಾಯದಲ್ಲಿರುವ ಜೀವಿಗಳನ್ನು ದಾಖಲಿಸುವ ಕೆಂಪು ಪಟ್ಟಿಯಲ್ಲಿ ಸಿಂಗಳೀಕ ‘ಅಳಿವಿನಂಚಿನ’ ಪ್ರಭೇದ, ರಾಮಪತ್ರೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ; ಹಾಗಾದರೆ ಮರಕ್ಕೆ ಅಪಾಯ ಕಡಿಮೆ ಎಂದು ಬರೆಯಬಹುದೇ?

ಉತ್ತರ: ನಿಮ್ಮ ಮಗಳ ಆಯ್ಕೆ ಬಹಳ ಒಳ್ಳೆಯದು. ಎರಡೂ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಜೀವಿಗಳು, ಎರಡೂ ನಿಮ್ಮ ಮನೆಯಿಂದ ದೂರವಿಲ್ಲದ ಕತ್ತಲೆಕಾನು ಎಂಬ ಕಾಡಿನಲ್ಲಿ ಇಂದಿಗೂ ಒಟ್ಟಿಗೇ ಬದುಕಿವೆ. ಮೂರನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ: ಹಾಗೆ ಬರೆಯಬಾರದು. ಕಾರಣವನ್ನು ವಿವರಿಸಲು ಸ್ವಲ್ಪ ದಾರಿ ಸವೆಸಬೇಕಾಗುತ್ತದೆ, ಆದ್ದರಿಂದ ವರ್ಗೀಕರಣದಿಂದಲೇ ಆರಂಭಿಸೋಣ.

ರಾಮಪತ್ರೆಯ ವೈಜ್ಞಾನಿಕ ಹೆಸರು ಮಿರಿಸ್ಟಿಕಾ ಮಲಬಾರಿಕಾ. ಇದು ಸಸ್ಯ ಸಾಮ್ರಾಜ್ಯದಲ್ಲಿ ಹೂ ಬಿಡುವ ಸಸ್ಯಗಳ ಗುಂಪಿಗೆ, ಮ್ಯಾಗ್ನೋಲಿಯೇಲ್ಸ್ ಗಣಕ್ಕೆ, ಮಿರಿಸ್ಟಿಕೇಸಿಯೆ ಎಂಬ ಜಾಯಿಕಾಯಿ ಕುಟುಂಬಕ್ಕೆ ಸೇರುತ್ತದೆ. ಸಿಂಗಳೀಕದ ಹೆಸರು ಮಕಾಕಾ ಸೈಲೀನಸ್. ಪ್ರಾಣಿ ಸಾಮ್ರಾಜ್ಯ, ಕಾರ್ಡೇಟಾ ವಂಶ, ಸಸ್ತನಿ ವರ್ಗ, ಪ್ರೈಮೇಟ್ ಗಣ, ಸರ್ಕೊಪಿತೆಸಿಡೆ ಕುಟುಂಬ, ಮಕಾಕಾ ಜಾತಿ (ಜೀನಸ್) ಎಂದು ಅದರ ಮೆಟ್ಟಿಲುಗಳು ಇಳಿಯುತ್ತವೆ. ಎರಡಕ್ಕೂ ಸಮಾನವಾದ ಪೂರ್ವಜನನ್ನು ಹುಡುಕಿ ಹೊರಟರೆ ನೂರು ಕೋಟಿ ವರ್ಷಗಳಿಗೂ ಹಿಂದಿನ ಏಕಕೋಶ ಜೀವಿಗಳವರೆಗೆ ಹೋಗಬೇಕು. ಇಷ್ಟು ನಿಮ್ಮ ಕೋಷ್ಟಕದಲ್ಲಿ ಈಗಾಗಲೇ ಇರಬಹುದು.

ಕೋಷ್ಟಕದಲ್ಲಿ ಸಾಮಾನ್ಯವಾಗಿ ಕಾಣದ ಸಂಗತಿಯೆಂದರೆ, ಈ ಎರಡು ಹೆಸರುಗಳನ್ನು ಇಟ್ಟ ನಿಯಮ ಪುಸ್ತಕಗಳೇ ಬೇರೆ ಬೇರೆ. ಸಸ್ಯಗಳ ನಾಮಕರಣಕ್ಕೆ ಒಂದು ಅಂತರರಾಷ್ಟ್ರೀಯ ಸಂಹಿತೆ, ಪ್ರಾಣಿಗಳಿಗೆ ಇನ್ನೊಂದು. ಸಸ್ಯಗಳ ಹೆಸರುಗಳು ಸ್ವೀಡನ್ನಿನ ನಿಸರ್ಗವಿಜ್ಞಾನಿ ಲಿನೇಯಸ್ 1753ರಲ್ಲಿ ಪ್ರಕಟಿಸಿದ ಗ್ರಂಥದಿಂದ ಲೆಕ್ಕಕ್ಕೆ ಬರುತ್ತವೆ, ಪ್ರಾಣಿಗಳವು 1758ರಲ್ಲಿ ಬಂದ ಅವನ ಇನ್ನೊಂದು ಗ್ರಂಥದ ಹತ್ತನೆಯ ಆವೃತ್ತಿಯಿಂದ. ಪ್ರಾಣಿಗಳಲ್ಲಿ ಜಾತಿ ಮತ್ತು ಪ್ರಭೇದದ ಹೆಸರು ಒಂದೇ ಆಗಿರಬಹುದು. ನಮ್ಮ ಚುಕ್ಕೆ ಜಿಂಕೆ ‘ಆಕ್ಸಿಸ್ ಆಕ್ಸಿಸ್’. ಸಸ್ಯಗಳಲ್ಲಿ ಅಂತಹ ಹೆಸರಿಗೆ ಅವಕಾಶವೇ ಇಲ್ಲ. ಹೆಸರಿನ ಮುಂದೆ ಅದನ್ನು ಇಟ್ಟವರನ್ನು ಬರೆಯುವ ಕ್ರಮವೂ ಬೇರೆ. ಸಿಂಗಳೀಕದ ಹೆಸರಿನ ಮುಂದೆ ಲಿನೇಯಸ್, 1758 ಎಂಬುದು ಕಂಸದೊಳಗೆ ಬರುತ್ತದೆ. ಅವನು ಅದನ್ನು ಸಿಮಿಯಾ ಎಂಬ ಜಾತಿಯಲ್ಲಿ ಇಟ್ಟಿದ್ದ, ಬಳಿಕ ಅದು ಮಕಾಕಾ ಜಾತಿಗೆ ಹೋಯಿತು, ಆ ವರ್ಗಾವಣೆಯ ಗುರುತಾಗಿ ಕಂಸ. ರಾಮಪತ್ರೆಗೆ ಹೆಸರಿಟ್ಟ ಲಾಮಾರ್ಕನ ಹೆಸರಿಗೆ ಕಂಸವಿಲ್ಲ, ಏಕೆಂದರೆ ಅವನು ಇಟ್ಟ ಜಾತಿಯಲ್ಲಿಯೇ ಆ ಮರ ಇಂದಿಗೂ ಇದೆ. ನಿಮ್ಮ ಮಗಳು ಎರಡೂ ಹೆಸರಿಗೆ ಕಂಸ ಹಾಕಿದ್ದರೆ ಅಥವಾ ಎರಡರಿಂದಲೂ ತೆಗೆದಿದ್ದರೆ ಸರಿಪಡಿಸಿಕೊಳ್ಳಲಿ. ಲಿನೇಯಸ್ ಸಿಂಗಳೀಕದ ನೆಲೆ ಸಿಲೋನ್ ಎಂದು ಬರೆದಿದ್ದ ಎಂಬುದನ್ನೂ ಸೇರಿಸಬಹುದು. ಶ್ರೀಲಂಕಾದಲ್ಲಿ ಸಿಂಗಳೀಕ ಇಲ್ಲ. ಘಟ್ಟದ ಕಾಡನ್ನು ಕಣ್ಣಾರೆ ಕಾಣದೆ ಯುರೋಪಿನಲ್ಲಿ ಕುಳಿತು ಬರೆದ ವರ್ಣನೆಗಳಲ್ಲಿ ಇಂತಹ ತಪ್ಪುಗಳು ನುಸುಳಿದವು, ಹೆಸರು ಮಾತ್ರ ನಿಯಮದ ಪ್ರಕಾರ ಉಳಿದುಕೊಂಡಿತು.

ಈಗ ದ್ವಿದಳದ ಪ್ರಶ್ನೆ. ನಿಮ್ಮ ಎರಡು ಪುಸ್ತಕಗಳು ಎರಡು ಕಾಲದ ವರ್ಗೀಕರಣವನ್ನು ಹೇಳುತ್ತಿವೆ, ಅಷ್ಟೇ. ನಮ್ಮ ಕಾಲೇಜುಗಳಲ್ಲಿ ಬಹುಕಾಲದಿಂದ ಕಲಿಸುತ್ತಿರುವುದು ಬೆಂಥಮ್ ಮತ್ತು ಹೂಕರ್ 1862ರಿಂದ 1883ರವರೆಗೆ ಪ್ರಕಟಿಸಿದ ವ್ಯವಸ್ಥೆಯನ್ನು. ಅದರಲ್ಲಿ ಹೂ ಬಿಡುವ ಸಸ್ಯಗಳು ದ್ವಿದಳ ಮತ್ತು ಏಕದಳ ಎಂದು ಒಡೆಯುತ್ತವೆ. ರಾಮಪತ್ರೆಯ ಹೂವಿನಲ್ಲಿ ಪುಷ್ಪಪಾತ್ರೆ, ದಳ ಎಂಬ ಎರಡು ಸುತ್ತುಗಳಿಲ್ಲದೆ ಒಂದೇ ಸುತ್ತು ಇರುವುದರಿಂದ ಅದು ದ್ವಿದಳಗಳೊಳಗಿನ ಮೊನೊಕ್ಲಮೈಡಿಯೆ ಎಂಬ ಗುಂಪಿಗೆ ಹೋಗುತ್ತದೆ. ಡಿಎನ್‌ಎ ಆಧಾರದ ವರ್ಗೀಕರಣ ಬಂದ ಮೇಲೆ ಈ ಚಿತ್ರ ಬದಲಾಯಿತು. ಆವೃತಬೀಜಿಗಳ, ಅಂದರೆ ಹೂ ಬಿಡುವ ಸಸ್ಯಗಳ, ವಂಶಾವಳಿಯನ್ನು ಪರಿಷ್ಕರಿಸುವ ಸಸ್ಯವಿಜ್ಞಾನಿಗಳ ಗುಂಪು 2016ರಲ್ಲಿ ನಾಲ್ಕನೆಯ ಬಾರಿ ಪ್ರಕಟಿಸಿದ ವ್ಯವಸ್ಥೆಯಲ್ಲಿ, ಏಕದಳಗಳಿಗೂ ನಿಜವಾದ ದ್ವಿದಳಗಳಿಗೂ ಸೇರದೆ ಪ್ರತ್ಯೇಕವಾಗಿ ನಿಲ್ಲುವ ‘ಮ್ಯಾಗ್ನೋಲಿಡ್’ ಎಂಬ ಕವಲಿನಲ್ಲಿ ರಾಮಪತ್ರೆ ಬರುತ್ತದೆ. ಅದರ ಜೊತೆಗೆ ಅದೇ ಗಣದಲ್ಲಿ ಸಂಪಿಗೆ ಮತ್ತು ಸೀತಾಫಲ, ಅದೇ ಕವಲಿನ ಬೇರೆ ಗಣಗಳಲ್ಲಿ ಕಾಳುಮೆಣಸು ಮತ್ತು ದಾಲ್ಚಿನ್ನಿ ಇವೆ. ನಿಮ್ಮ ಹಿತ್ತಿಲಿನಲ್ಲೇ ಇವುಗಳಲ್ಲಿ ಎರಡಾದರೂ ಇರಬೇಕು.

ಇಲ್ಲಿ ಒಂದು ಚಿಕ್ಕ ಪರೀಕ್ಷೆಯನ್ನು ಮಗಳಿಂದ ಮಾಡಿಸಿ. ರಾಮಪತ್ರೆಯ ಬೀಜವನ್ನು ಅಡ್ಡಕ್ಕೆ ಕತ್ತರಿಸಿದರೆ ಬಿಳಿಯ ತಿರುಳಿನೊಳಗೆ ಕಂದುಬಣ್ಣದ ಗೆರೆಗಳು ಒಳನುಗ್ಗಿ ಹರಡಿರುವುದು ಕಾಣುತ್ತದೆ. ನಿಮ್ಮ ಮನೆಯ ಹಸಿ ಅಡಿಕೆಯನ್ನು ಕತ್ತರಿಸಿದರೂ ಇಂತಹದೇ ಗೆರೆಗಳು, ಸೀತಾಫಲದ ಬೀಜವನ್ನು ಸೀಳಿದರೂ ಹೆಚ್ಚುಕಡಿಮೆ ಇದೇ ನೋಟ. ಆದರೆ ಅಡಿಕೆ ತಾಳೆಗಳ ಕುಟುಂಬದ ಏಕದಳ ಸಸ್ಯ. ರಾಮಪತ್ರೆಗೆ ಅದು ಹತ್ತಿರದ ಬಂಧುವಲ್ಲ. ಸೀತಾಫಲವಾದರೋ ಒಂದೇ ಗಣದ ಬಂಧು. ಒಂದೇ ರೂಪ ಒಂದು ಕಡೆ ಬಂಧುತ್ವದಿಂದ ಬಂದಿರಬಹುದು, ಇನ್ನೊಂದು ಕಡೆ ಸ್ವತಂತ್ರವಾಗಿ ಮೂಡಿರಬಹುದು ಎಂಬುದನ್ನು ಮೂರು ಹೋಳುಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರೆ, ವರ್ಗೀಕರಣ ಏಕೆ ಬದಲಾಗುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ. ಯೋಜನಾ ಕಾರ್ಯದಲ್ಲಿ ‘ಹಳೆಯ ವ್ಯವಸ್ಥೆಯಲ್ಲಿ ದ್ವಿದಳ, ಈಗಿನ ವ್ಯವಸ್ಥೆಯಲ್ಲಿ ಮ್ಯಾಗ್ನೋಲಿಡ್’ ಎಂದು ಎರಡನ್ನೂ ಬರೆಯಲಿ.

ಮೆಟ್ಟಿಲುಗಳ ತೂಕದ ಬಗ್ಗೆ ನೀವು ಕೇಳಿರುವುದು ಅನೇಕ ಪದವೀಧರರೂ ಕೇಳದ ಪ್ರಶ್ನೆ. ಕುಟುಂಬ, ಗಣ ಎಂಬುವು ಮನುಷ್ಯ ಅನುಕೂಲಕ್ಕಾಗಿ ಮಾಡಿಕೊಂಡ ಹಂತಗಳು. ಸಸ್ಯದ ಒಂದು ಕುಟುಂಬವೂ ಪ್ರಾಣಿಯ ಒಂದು ಕುಟುಂಬವೂ ಒಂದೇ ಪ್ರಾಯದವು ಅಥವಾ ಒಂದೇ ಗಾತ್ರದವು ಎಂದು ತಿಳಿಯಲು ಯಾವ ಆಧಾರವೂ ಇಲ್ಲ. ಜಾಯಿಕಾಯಿಯ ಕುಟುಂಬದಲ್ಲಿ ಜಗತ್ತಿನಾದ್ಯಂತ ಸುಮಾರು 500 ಪ್ರಭೇದಗಳಿವೆ, ಅಮೆರಿಕ, ಆಫ್ರಿಕ, ಏಷ್ಯಾ ಮೂರೂ ಖಂಡಗಳ ಉಷ್ಣವಲಯದಲ್ಲಿ ಅದು ಹರಡಿದೆ. ಸಿಂಗಳೀಕದ ಕುಟುಂಬದಲ್ಲಿ ಏಷ್ಯಾ ಮತ್ತು ಆಫ್ರಿಕದ ಕೋತಿಗಳಷ್ಟೇ ಇವೆ. ‘ಎರಡೂ ಒಂದೊಂದು ಕುಟುಂಬಕ್ಕೆ ಸೇರಿವೆ’ ಎಂಬುದರಿಂದ ಹೋಲಿಕೆಯೇನೂ ಹುಟ್ಟುವುದಿಲ್ಲ. ಎರಡು ಸಾಮ್ರಾಜ್ಯಗಳ ನಡುವೆ ಸ್ವಲ್ಪಮಟ್ಟಿಗೆ ಹೋಲಿಸಬಹುದಾದ ಹಂತವೆಂದರೆ ಪ್ರಭೇದ ಒಂದೇ. ಅದೂ ಸಸ್ಯಗಳಲ್ಲಿ ಮಿಶ್ರತಳಿಗಳು ಹೆಚ್ಚಾಗಿ ಹುಟ್ಟುವುದರಿಂದ ಅಷ್ಟು ಬಿಗಿಯಾದ ಗೆರೆಯಲ್ಲ.

ಮೆಟ್ಟಿಲುಗಳ ಬದಲು ಬಂಧುಗಳನ್ನು ಹೋಲಿಸಿದರೆ ಇವೆರಡರ ನಡುವೆ ಒಂದು ಅಚ್ಚರಿಯ ಸಾಮ್ಯ ಕಾಣುತ್ತದೆ. ನಿಮ್ಮ ತೋಟಕ್ಕೆ ಬರುವ ಕೆಂಪುಮೂತಿಯ ಮಂಗವೂ ಸಿಂಗಳೀಕವೂ ಒಂದೇ ಮಕಾಕಾ ಜಾತಿಯವು, ಒಂದೇ ತಾಲ್ಲೂಕಿನಲ್ಲಿ ಬದುಕುತ್ತವೆ. ಆದರೂ ಸಿಂಗಳೀಕಕ್ಕೆ ಮಂಗ ಅಷ್ಟು ಹತ್ತಿರದ ನೆಂಟನಲ್ಲ. ಅದರ ನಿಕಟ ಬಂಧುಗಳು ಆಗ್ನೇಯ ಏಷ್ಯಾದ ಹಂದಿಬಾಲದ ಕೋತಿಗಳು ಮತ್ತು ಇಂಡೊನೇಷ್ಯಾದ ಸುಲವೇಸಿ ದ್ವೀಪದ ಕಪ್ಪು ಕೋತಿಗಳು. ರಾಮಪತ್ರೆಯ ಕಥೆಯೂ ಹೀಗೆಯೇ. ಅಂಗಡಿಯಲ್ಲಿ ದೊರೆಯುವ ಜಾಯಿಕಾಯಿ, ಜಾಪತ್ರೆಗಳನ್ನು ಕೊಡುವ ಅದರ ಸೋದರ ಪ್ರಭೇದದ ಮೂಲ ಇಂಡೊನೇಷ್ಯಾದ ಬಂಡಾ ದ್ವೀಪಗಳು, ಮಿರಿಸ್ಟಿಕಾ ಜಾತಿಯ ಅತಿ ಹೆಚ್ಚು ಪ್ರಭೇದಗಳಿರುವುದು ನ್ಯೂಗಿನಿಯ ಸುತ್ತಿನಲ್ಲಿ. ಮರ ಮತ್ತು ಕೋತಿ ಎರಡೂ ಸದಾ ತೇವವಿರುವ ಕಾಡುಗಳ ದೊಡ್ಡ ಬಳಗದಿಂದ ಕಡಿದು ಉಳಿದ ಪಶ್ಚಿಮದ ತುದಿಗಳು. ಇವುಗಳಿಗೂ ಆ ಬಳಗಕ್ಕೂ ನಡುವೆ ಈಗ ಒಣನಾಡು ಮತ್ತು ಸಮುದ್ರ ಹರಡಿದೆ. ಪಶ್ಚಿಮ ಘಟ್ಟದಲ್ಲಿ ಇಡೀ ಜಾಯಿಕಾಯಿ ಕುಟುಂಬದ ಪ್ರತಿನಿಧಿಗಳು ಐದೇ ಪ್ರಭೇದಗಳು. ಸಿಂಗಳೀಕದ ಉಪಗುಂಪಿಗೆ ಇಲ್ಲಿರುವುದು ಅದೊಂದೇ.

ಇನ್ನು ಸಂರಕ್ಷಣೆಯ ಭಾಗ. ಇಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿ ಒಂದು ಪ್ರಭೇದವನ್ನು ಅಳೆಯಲು ಹಲವು ಅಳತೆಗೋಲುಗಳನ್ನು ಇಟ್ಟುಕೊಂಡಿದೆ. ಸಂಖ್ಯೆ ಎಷ್ಟು ವೇಗವಾಗಿ ಕುಸಿದಿದೆ, ನೆಲೆಯ ವಿಸ್ತಾರವೆಷ್ಟು, ಸಂತಾನ ಪಡೆಯಬಲ್ಲ ಪ್ರೌಢ ಜೀವಿಗಳು ಎಷ್ಟು ಉಳಿದಿವೆ ಎಂಬುವು ಅವುಗಳಲ್ಲಿ ಮುಖ್ಯವಾದವು. ಇವುಗಳಲ್ಲಿ ಯಾವುದಾದರೂ ಒಂದು ಗೆರೆ ದಾಟಿದರೂ ಸಾಕು. ಸಿಂಗಳೀಕ ‘ಅಳಿವಿನಂಚಿನ’ ವರ್ಗಕ್ಕೆ ಬಂದದ್ದು ತಲೆಯೆಣಿಕೆಯಿಂದ. ಒಟ್ಟು ಪ್ರೌಢ ಜೀವಿಗಳು 2,500ಕ್ಕಿಂತ ಕಡಿಮೆ, ಸಂಖ್ಯೆ ಇಳಿಮುಖ, ಒಂದರಿಂದೊಂದು ಕಡಿದುಹೋದ ಯಾವ ತುಂಡು ಕಾಡಿನಲ್ಲಿಯೂ 250ಕ್ಕಿಂತ ಹೆಚ್ಚು ಪ್ರೌಢ ಜೀವಿಗಳಿಲ್ಲ ಎಂಬ ನಿಯಮ ಅದಕ್ಕೆ ಅನ್ವಯವಾಗಿದೆ, 2020ರ ಮೌಲ್ಯಮಾಪನವೂ ಅದನ್ನೇ ಉಳಿಸಿತು. ರಾಮಪತ್ರೆಯನ್ನು 1998ರಲ್ಲಿ ‘ಅಪಾಯಕ್ಕೊಳಗಾಗಬಲ್ಲ’ ವರ್ಗದಲ್ಲಿ ದಾಖಲಿಸಿದರು, ಅದೂ ಆಗ ಬಳಕೆಯಲ್ಲಿದ್ದ ಹಳೆಯ ನಿಯಮಾವಳಿಯ ಪ್ರಕಾರ. ಆ ನಿಯಮಾವಳಿಯ ಗೆರೆಗಳು ಈಗಿನವಲ್ಲ. ಉದಾಹರಣೆಗೆ, ಸಂಖ್ಯೆಯ ಕುಸಿತದ ಮೇಲೆ ಒಂದು ಪ್ರಭೇದವನ್ನು ಈ ವರ್ಗಕ್ಕೆ ಸೇರಿಸಲು ಅಂದು ಶೇ 20ರಷ್ಟು ಕುಸಿತ ಸಾಕಾಗಿತ್ತು, ಇಂದಿನ ನಿಯಮದಲ್ಲಿ ಕನಿಷ್ಠ ಶೇ 30 ಬೇಕು. ಹೀಗೆ ಬೇರೆ ಕಾಲದಲ್ಲಿ, ಬೇರೆ ನಿಯಮಾವಳಿಯಿಂದ ಅಳೆದ ಎರಡು ಫಲಿತಾಂಶಗಳನ್ನು ಪಕ್ಕದಲ್ಲಿಟ್ಟು, ಇದು ಮೇಲಿನ ಮೆಟ್ಟಿಲು, ಅದು ಕೆಳಗಿನದು ಎಂದು ಓದುವುದು ಸರಿಯಲ್ಲ.

ಕುಸಿತವನ್ನು ಅಳೆಯುವ ಕಾಲಾವಧಿಯಲ್ಲಿಯೂ ಒಂದು ಸೂಕ್ಷ್ಮವಿದೆ. ಹತ್ತು ವರ್ಷ ಅಥವಾ ಮೂರು ತಲೆಮಾರು, ಇವೆರಡರಲ್ಲಿ ಯಾವುದು ದೀರ್ಘವೋ ಅದು ಲೆಕ್ಕದ ಅವಧಿ. ಸಿಂಗಳೀಕಕ್ಕೆ ಮೂರು ತಲೆಮಾರು ಎಂದರೆ ಕೆಲವು ದಶಕಗಳು. ನಿಧಾನವಾಗಿ ಬೆಳೆಯುವ ಕಾಡುಮರಕ್ಕೆ ಅದು ಶತಮಾನವನ್ನೇ ದಾಟಬಹುದು. ಈ ಅವಧಿಯಲ್ಲಿ ಉತ್ತರ ಕನ್ನಡದಲ್ಲಿ ಎಷ್ಟು ಹೊಳೆಯಂಚಿನ ಕಾಡು ಗದ್ದೆಯಾಯಿತು, ಎಷ್ಟು ತೋಟವಾಯಿತು, ಎಷ್ಟು ಜಲಾಶಯದಡಿ ಹೋಯಿತು ಎಂಬುದನ್ನು ಊರಿನ ಹಿರಿಯರು ಹೇಳಬಲ್ಲರು. ಅಲ್ಲಿದ್ದ ರಾಮಪತ್ರೆ ಮರಗಳನ್ನು ಮಾತ್ರ ಯಾರೂ ಎಣಿಸಿಟ್ಟಿರಲಿಲ್ಲ.

ಮರವನ್ನು ಎಣಿಸುವುದು ಕೋತಿಯನ್ನು ಎಣಿಸುವುದಕ್ಕಿಂತ ಸುಲಭವೆಂದು ತೋರುತ್ತದೆ, ಏಕೆಂದರೆ ಅದು ನಿಂತಲ್ಲೇ ನಿಂತಿರುತ್ತದೆ. ಆದರೆ ರಾಮಪತ್ರೆಯಲ್ಲಿ ಗಂಡುಮರ ಬೇರೆ, ಹೆಣ್ಣುಮರ ಬೇರೆ. ಎಣಿಸಿದ ಮರಗಳಲ್ಲಿ ಕಾಯಿ ಬಿಡುವವು ಒಂದು ಪಾಲು ಮಾತ್ರ. ಅವೂ ಕಾಯಿ ಬಿಡಬೇಕಾದರೆ, ಹಾರಾಟದ ಹರವು ಕಡಿಮೆಯಿರುವ ಸಣ್ಣ ಕೀಟಗಳಿಗೆ ಎಟಕುವಷ್ಟು ಹತ್ತಿರದಲ್ಲಿ ಗಂಡುಮರ ಇರಬೇಕು. ಒಂಟಿಯಾಗಿ ಉಳಿದ ಹೆಣ್ಣುಮರ ಲೆಕ್ಕದಲ್ಲಿ ಒಂದು ಪ್ರೌಢ ಮರ, ಸಂತಾನದ ದೃಷ್ಟಿಯಿಂದ ಸೊನ್ನೆಗೆ ಹತ್ತಿರ. ಬೀಜವಾದರೂ ಕಾಯುವ ಬೀಜವಲ್ಲ. ಒಣಗಿದರೆ ಸಾಯುತ್ತದೆ, ಆದ್ದರಿಂದ ರಾಗಿ, ಭತ್ತದಂತೆ ಒಣಗಿಸಿ ಶೀತಲ ಬೀಜ ಭಂಡಾರದಲ್ಲಿ ದಶಕಗಟ್ಟಲೆ ಇಡಲಾಗದು. ಬಿದ್ದ ಕೂಡಲೇ ನೆರಳು, ತೇವ ಎರಡೂ ಸಿಗಬೇಕು.

ಹಣ್ಣಿನ ರಚನೆಯನ್ನು ಹತ್ತಿರದಿಂದ ನೋಡಿದರೆ ಈ ಮರ ಯಾರನ್ನು ನೆಚ್ಚಿಕೊಂಡಿದೆ ಎಂಬುದು ತಿಳಿಯುತ್ತದೆ. ತುಕ್ಕುಬಣ್ಣದ ನವಿರು ಹೊದ್ದ ಉದ್ದುರುಟು ಕಾಯಿ ಬಲಿತಾಗ ಎರಡು ಹೋಳಾಗಿ ಬಾಯಿ ಬಿಡುತ್ತದೆ. ಒಳಗೆ ಕಂದು ಬೀಜ, ಅದರ ಮೇಲೆ ಬೆರಳುಗಳಂತೆ ಸೀಳಿಕೊಂಡು ತಬ್ಬಿದ ಹಳದಿ ಪತ್ರೆ. ಮಂಗಟ್ಟೆ ಹಕ್ಕಿಯಾಗಲಿ ದೊಡ್ಡ ಕಾಡುಪಾರಿವಾಳವಾಗಲಿ ಪತ್ರೆಯ ಆಸೆಗೆ ಬೀಜವನ್ನು ಇಡಿಯಾಗಿ ನುಂಗಿ, ಪತ್ರೆಯನ್ನು ಹೊಟ್ಟೆಯಲ್ಲಿ ಕಳಚಿಕೊಂಡು, ಬೀಜವನ್ನು ತಾಯಿಮರದಿಂದ ದೂರದಲ್ಲಿ ಕಕ್ಕುತ್ತದೆ. ಇಷ್ಟು ದೊಡ್ಡ ಬೀಜವನ್ನು ನುಂಗುವಷ್ಟು ಬಾಯಗಲವಿರುವ ಹಕ್ಕಿಗಳು ನಮ್ಮ ಕಾಡಿನಲ್ಲಿ ಕೆಲವೇ ಇವೆ. ನಮ್ಮ ಪೇಟೆಗೂ ಬೇಕಾಗಿರುವುದು ಅದೇ ಹಳದಿ ಪತ್ರೆ. ವ್ಯಾಪಾರದಲ್ಲಿ ಬಾಂಬೆ ಜಾಪತ್ರೆ ಎಂಬ ಹೆಸರಿನಲ್ಲಿ ಹೋಗುವುದು, ನಿಜವಾದ ಜಾಪತ್ರೆಗೆ ಬೆರಕೆಯಾಗುವುದು ಇದೇ. ಕಾಯಿ ತಾನಾಗಿ ಬಾಯಿ ಬಿಡುವವರೆಗೆ ಕಾಯ್ದರೆ ಹಕ್ಕಿಯ ಪಾಲಾದೀತೆಂದು ಎಳೆಯದರಲ್ಲೇ ಕೊಯ್ಯುವುದು, ಎತ್ತರದ ಮರವಾದರೆ ಕೊಂಬೆಯನ್ನೇ ಕಡಿದು ಕೆಡಹುವುದು ಹಲವೆಡೆ ನಡೆದಿದೆ. ಕಡಿದ ಕೊಂಬೆಯ ಗಾಯದಿಂದ ರಕ್ತದಂತಹ ಕೆಂಪು ರಸ ಒಸರುತ್ತದೆ. ಇದು ಈ ಕುಟುಂಬದ ಮರಗಳೆಲ್ಲದರ ಗುರುತು. ಒಮ್ಮೆ ಕತ್ತಲೆಕಾನಿನ ಕಡೆಯ ಒಂದು ಕಣಿವೆಯಲ್ಲಿ ಹೀಗೆ ಕೊಂಬೆ ಕಳೆದುಕೊಂಡ ಮೂರು ದೊಡ್ಡ ಮರಗಳ ಕೆಳಗೆ ನಾನು ಮಧ್ಯಾಹ್ನವಿಡೀ ಹುಡುಕಿದೆ. ಮೊಣಕಾಲೆತ್ತರದ ಸಸಿ ಒಂದೂ ಸಿಗಲಿಲ್ಲ. ಬರಿಯ ತಲೆಯೆಣಿಕೆಯಲ್ಲಿ ಆ ಮೂರೂ ಪ್ರೌಢ ಮರಗಳೇ. ಆ ಕಣಿವೆಯಲ್ಲಿ ರಾಮಪತ್ರೆಯ ಮುಂದಿನ ತಲೆಮಾರು ಆಗಲೇ ಇಲ್ಲವಾಗಿತ್ತು.

ಸಿಂಗಳೀಕದ ಸಂಕಟ ಇದಕ್ಕಿಂತ ಬೇಗ ಕಣ್ಣಿಗೆ ಬೀಳುತ್ತದೆ. ಅದು ಬಹುಮಟ್ಟಿಗೆ ಮರದ ಮೇಲೆಯೇ ಬದುಕುವ ಕೋತಿ. ಕಪ್ಪು ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ, ಬಾಲದ ತುದಿಯಲ್ಲಿ ಸಿಂಹದಂತೆ ಕುಚ್ಚು. ಗುಂಪು ಮರದ ನೆತ್ತಿಯಲ್ಲಿ ಹರಡಿ ಸಾಗುವಾಗ ಮೊದಲು ಕೇಳಿಸುವುದು ಒಣ ತೊಗಟೆ ಕೀಳುವ, ಎಲೆ ಬಿಡಿಸುವ ಸದ್ದು, ಏಕೆಂದರೆ ಹಣ್ಣಿನಷ್ಟೇ ಶ್ರದ್ಧೆಯಿಂದ ಅದು ಕೀಟಗಳನ್ನು ಹುಡುಕುತ್ತದೆ. ಹೆಣ್ಣು ಮೊದಲ ಮರಿ ಹಾಕುವುದು ಆರೇಳು ವರ್ಷಕ್ಕೆ, ಒಂದು ಹೆರಿಗೆಗೆ ಒಂದೇ ಮರಿ, ಎರಡು ಹೆರಿಗೆಗಳ ನಡುವೆ ಸುಮಾರು ಮೂರು ವರ್ಷ. ತೋಟದ ಮಂಗಗಳ ಸಂತಾನದ ವೇಗವನ್ನು ನೋಡಿ ಸಿಂಗಳೀಕವೂ ಹಾಗೆಯೇ ಹೆಚ್ಚುತ್ತದೆಂದು ಯಾರಾದರೂ ಹೇಳಿದರೆ ಈ ಲೆಕ್ಕವನ್ನು ತೋರಿಸಿ. ಹೆಣ್ಣುಗಳು ಹುಟ್ಟಿದ ಗುಂಪಿನಲ್ಲಿಯೇ ಉಳಿಯುತ್ತವೆ, ಗಂಡುಗಳು ಪ್ರಾಯಕ್ಕೆ ಬಂದಾಗ ಬೇರೆ ಗುಂಪಿಗೆ ಹೋಗುತ್ತವೆ. ನಡುವೆ ರಸ್ತೆ, ವಿದ್ಯುತ್ ಮಾರ್ಗ, ತೆರೆದ ಬಯಲು ಬಂದು ಮರದಿಂದ ಮರಕ್ಕೆ ಹೋಗುವ ದಾರಿ ಕಡಿದರೆ ಗಂಡುಗಳ ಸಂಚಾರ ನಿಲ್ಲುತ್ತದೆ, ಗುಂಪುಗಳ ನಡುವೆ ರಕ್ತ ಬೆರೆಯುವುದೂ ನಿಲ್ಲುತ್ತದೆ. ಗಂಡುಮರಕ್ಕೂ ಹೆಣ್ಣುಮರಕ್ಕೂ ನಡುವೆ ಅಂತರ ಹೆಚ್ಚಿದಾಗ ರಾಮಪತ್ರೆಗೆ ಆಗುವುದು, ತುಂಡು ಕಾಡಿನಲ್ಲಿ ಸಿಕ್ಕಿಕೊಂಡ ಸಿಂಗಳೀಕಕ್ಕೆ ಆಗುವುದು, ಎರಡೂ ಮೂಲದಲ್ಲಿ ಒಂದೇ ತೊಂದರೆ. ಹೋಲಿಕೆ ಮಾಡಲೇಬೇಕಾದ ಜಾಗ ಇದು. ನಿಮ್ಮ ಮಗಳ ಬರಹದ ನಡುಭಾಗ ಇದೇ ಆಗಲಿ ಎಂದು ನನ್ನ ಆಸೆ.

ಕಾನೂನು ಇವೆರಡನ್ನು ನೋಡುವ ಬಗೆ ಮಾತ್ರ ತೀರ ಬೇರೆ. ಸಿಂಗಳೀಕ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿಯೂ ಇದೆ. ಅದು ಅಭಯಾರಣ್ಯದಲ್ಲಿರಲಿ, ನಿಮ್ಮ ಸೊಪ್ಪಿನ ಬೆಟ್ಟದಲ್ಲಿರಲಿ, ತೋಟದ ಹಲಸಿನ ಮರದ ಮೇಲಿರಲಿ, ರಕ್ಷಣೆ ಅದರ ಜೊತೆಗೇ ನಡೆಯುತ್ತದೆ. ರಾಮಪತ್ರೆಗೆ ಹೀಗೆ ತನ್ನದೇ ಆದ ರಕ್ಷಣೆ ಇಲ್ಲ. ಈ ಕಾಯ್ದೆಯಲ್ಲಿ ಸಸ್ಯಗಳಿಗೆಂದು ಪ್ರತ್ಯೇಕ ಅನುಸೂಚಿ ಬಂದದ್ದೇ 1991ರ ತಿದ್ದುಪಡಿಯಿಂದ; 2022ರ ತಿದ್ದುಪಡಿ ಅನುಸೂಚಿಗಳನ್ನು ಮರುಜೋಡಿಸುವವರೆಗೆ ಅದರಲ್ಲಿದ್ದದ್ದು ಆರೇ ನಮೂದುಗಳು, ರಾಮಪತ್ರೆ ಅವುಗಳಲ್ಲಿ ಇರಲಿಲ್ಲ. ಸೈಟಿಸ್ ಪಟ್ಟಿಯಲ್ಲಿಯೂ ಅದು ಇಲ್ಲ. ಮರದ ರಕ್ಷಣೆ ಅದು ನಿಂತ ನೆಲದ ಮೇಲೆ ನಿಂತಿದೆ. ಅಭಯಾರಣ್ಯದ ಗಡಿಯೊಳಗೆ ಹುಲ್ಲುಕಡ್ಡಿಗೂ ಕಾನೂನಿನ ಆಸರೆ ಇರುವುದರಿಂದ ಅಲ್ಲಿನ ರಾಮಪತ್ರೆಗೂ ಇದೆ; ಗಡಿಯ ಆಚೆಗೆ ಅದು ಅರಣ್ಯ ಇಲಾಖೆಯ ಸಾಮಾನ್ಯ ನಿಯಮಗಳಿಗೆ ಒಳಪಟ್ಟ ಒಂದು ಕಿರು ಅರಣ್ಯ ಉತ್ಪನ್ನದ ಮರ.

ಆದ್ದರಿಂದಲೇ ಸಿಂಗಳೀಕದ ಹೆಸರಿನಲ್ಲಿ ಉಳಿದ ನೆಲ ರಾಮಪತ್ರೆಗೆ ಅಷ್ಟು ಮುಖ್ಯ. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಜಲವಿದ್ಯುತ್ ಯೋಜನೆಯನ್ನು 1983ರಲ್ಲಿ ಕೈಬಿಟ್ಟಾಗ, ಮರುವರ್ಷ ಆ ಕಣಿವೆ ರಾಷ್ಟ್ರೀಯ ಉದ್ಯಾನವಾದಾಗ, ಜನರ ಕಣ್ಣ ಮುಂದೆ ಇದ್ದದ್ದು ಸಿಂಗಳೀಕದ ಮುಖ. ನಮ್ಮಲ್ಲಿ ಶಿರಸಿ–ಹೊನ್ನಾವರ ನಡುವಿನ ಕಾಡುಗಳಲ್ಲಿ ಮೂವತ್ತಕ್ಕೂ ಹೆಚ್ಚು ಗುಂಪುಗಳಿವೆ ಎಂಬುದನ್ನು ಸಂಶೋಧಕರು ಗುರುತಿಸಿದ ನಂತರ, 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು. ಕತ್ತಲೆಕಾನು, ಉಂಚಳ್ಳಿ ಜಲಪಾತದ ಸುತ್ತಿನ ಕಾಡು ಅದರೊಳಗೆ ಬಂದವು. 2019ರಲ್ಲಿ ಅದು ಶರಾವತಿ ಕಣಿವೆ ಅಭಯಾರಣ್ಯದೊಂದಿಗೆ ಕೂಡಿ, ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಎಂಬ ಹೆಸರಿನಲ್ಲಿ ಸುಮಾರು 930 ಚದರ ಕಿಲೋಮೀಟರ್ ಆಯಿತು. ಇಂದು ಜಗತ್ತಿನಲ್ಲಿ ಸಿಂಗಳೀಕದ ಅತ್ಯಂತ ಉತ್ತರದ ನೆಲೆ ಈ ಸೀಮೆಯೇ. ಇದೇ ಅಭಯಾರಣ್ಯದೊಳಗೆ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ (ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆತ್ತಿ ಮತ್ತೆ ಇಳಿಸಿ ವಿದ್ಯುತ್ ಪಡೆಯುವ) ಯೋಜನೆಯ ಪ್ರಸ್ತಾಪ ಬಂದಿರುವುದನ್ನೂ ಬರೆಯಬೇಕು. ಮರದ ನೆತ್ತಿಯ ಹಂದರ ಕಡಿದರೆ ಕೋತಿ ಆಚೆ ದಡಕ್ಕೆ ಹೋಗದು, ಕಣಿವೆಯ ನೀರಿನ ಹರಿವು ಕೆಟ್ಟರೆ ಜಡ್ಡಿಯ ಮರಗಳು ಉಳಿಯವು.

ಜಡ್ಡಿ ಎಂದೆ. ಕಾಡಿನೊಳಗೆ ವರ್ಷವಿಡೀ ನೀರು ಜಿನುಗುವ ತಗ್ಗುಗಳನ್ನು ನಿಮ್ಮ ಸೀಮೆಯಲ್ಲಿ ರಾಮಪತ್ರೆ ಜಡ್ಡಿ ಎನ್ನುವುದುಂಟು. ಇಲ್ಲಿ ಒಂದು ತಿದ್ದುಪಡಿ ಅಗತ್ಯ. ಜಡ್ಡಿಯನ್ನು ಬಿಟ್ಟು ಬದುಕಲಾರದ ಮರಗಳು ರಾಮಪತ್ರೆಯ ಬಂಧುಗಳಾದ ಮಿರಿಸ್ಟಿಕಾ ಮ್ಯಾಗ್ನಿಫಿಕಾ ಮತ್ತು ಜಿಮ್ನಕ್ರಾಂತೆರಾ ಕೆನರಿಕಾ. ಮೊದಲನೆಯದು ಕಾಂಡದಿಂದ ಊರುಗೋಲಿನಂತಹ ಬೇರುಗಳನ್ನು ಇಳಿಬಿಡುತ್ತದೆ, ಎರಡನೆಯದರ ಬೇರುಗಳು ಮಡಿಸಿದ ಮೊಣಕಾಲಿನಂತೆ ಕೆಸರಿನಿಂದ ಮೇಲೆದ್ದು ಉಸಿರಾಡುತ್ತವೆ. ರಾಮಪತ್ರೆ ಜಡ್ಡಿಯಲ್ಲಿಯೂ ಇರುತ್ತದೆ, ಪಕ್ಕದ ಇಳಿಜಾರಿನಲ್ಲಿಯೂ ಬೆಳೆಯುತ್ತದೆ. ಮಗಳು ಬೇರಿನ ಚಿತ್ರ ಬರೆದು ರಾಮಪತ್ರೆ ಎಂದು ಹೆಸರಿಸಿದ್ದರೆ, ಆ ಚಿತ್ರ ಯಾವ ಮರದ್ದು ಎಂದು ಮತ್ತೊಮ್ಮೆ ನೋಡಲಿ. ಇದೇ ಕತ್ತಲೆಕಾನಿನ ಜಡ್ಡಿಯಲ್ಲಿ ಗೇರು, ಮಾವುಗಳ ಕುಟುಂಬದ ಒಂದು ದೊಡ್ಡ ಮರಕ್ಕೆ ದಾಸಪ್ಪ ಮತ್ತು ಸ್ವಾಮಿನಾಥ್ ಅವರು ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟದ್ದು 2000ನೇ ಇಸವಿಯಲ್ಲಿ. ಸಿಂಗಳೀಕಕ್ಕೆ 1758ರಲ್ಲಿಯೇ ಹೆಸರಿತ್ತು. ಅದು ಓಡಾಡುವ ಕಾಡಿನ ಒಂದು ಎತ್ತರದ ಮರಕ್ಕೆ ವಿಜ್ಞಾನದಲ್ಲಿ ಹೆಸರು ಸಿಗಲು 242 ವರ್ಷ ಹೆಚ್ಚು ಬೇಕಾಯಿತು. ಮರಗಳನ್ನು ನಾವು ಎಷ್ಟು ತಡವಾಗಿ ಗಮನಿಸುತ್ತೇವೆ ಎಂಬುದು ಜಾಗತಿಕ ಅಂಕಿಗಳಲ್ಲಿಯೂ ಕಾಣುತ್ತದೆ. ಸಸ್ತನಿಗಳ ಜಾಗತಿಕ ಮೌಲ್ಯಮಾಪನ ಮೊದಲೇ ಆಗಿತ್ತು, ಅವುಗಳಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಅಪಾಯದಲ್ಲಿವೆ. ಜಗತ್ತಿನ ಮರಗಳ ಅಂತಹ ಲೆಕ್ಕ ಕೆಂಪು ಪಟ್ಟಿಯಲ್ಲಿ ಪ್ರಕಟವಾದದ್ದು 2024ರಲ್ಲಿ. ಪರಿಶೀಲಿಸಿದ 47,282 ಪ್ರಭೇದಗಳಲ್ಲಿ ಶೇ 38ರಷ್ಟು ಅಪಾಯದಲ್ಲಿವೆ ಎಂಬುದು ಅದರ ಫಲಿತಾಂಶ. ‘ಮರಕ್ಕೆ ಅಪಾಯ ಕಡಿಮೆ’ ಎಂಬ ಮಾತನ್ನು ನಾನು ಅಷ್ಟು ಖಚಿತವಾಗಿ ಬೇಡವೆಂದದ್ದು ಇದರಿಂದಲೇ.

ಕೊನೆಯದಾಗಿ, ಕೋಷ್ಟಕಕ್ಕೆ ಅವಳು ತಾನೇ ನೋಡಿ ತುಂಬುವ ಎರಡು ಸಾಲುಗಳನ್ನು ಸೇರಿಸಲಿ ಎಂಬುದು ನನ್ನ ಸಲಹೆ. ನಿಮ್ಮ ಬೆಟ್ಟದಲ್ಲಿ ಅಥವಾ ಊರಿನ ದೇವರಕಾಡಿನಲ್ಲಿ ರಾಮಪತ್ರೆ ಇದ್ದರೆ, ಪ್ರತಿಯೊಂದು ಮರದ ಸುತ್ತಳತೆಯನ್ನು ಎದೆಯೆತ್ತರದಲ್ಲಿ ಅಳೆದು, ಅದರ ಸುತ್ತ ಹತ್ತು ಹೆಜ್ಜೆಯೊಳಗೆ ಇರುವ ಸಸಿಗಳನ್ನು ಅಂಗೈ ಎತ್ತರದವು, ಮೊಣಕಾಲೆತ್ತರದವು, ಆಳೆತ್ತರದವು ಎಂದು ಬೇರೆ ಬೇರೆ ಎಣಿಸಿ ಬರೆಯಲಿ. ಅಂಗೈ ಎತ್ತರದವು ಇದ್ದು ಆಳೆತ್ತರದವು ಇಲ್ಲದಿದ್ದರೆ ಅದನ್ನು ಹಾಗೆಯೇ ದಾಖಲಿಸಲಿ. ಸಿಂಗಳೀಕ ಕಂಡರೆ ದಿನ, ಹೊತ್ತು, ಮರ, ಗುಂಪಿನಲ್ಲಿ ಕಂಡ ಮರಿಗಳ ಸಂಖ್ಯೆಯನ್ನು ಬರೆದುಕೊಳ್ಳಲಿ, ತಿನ್ನಲು ಏನನ್ನೂ ಕೊಡದಿರಲಿ. ರಸ್ತೆಬದಿಯಲ್ಲಿ ತಿಂಡಿ ಸಿಗುತ್ತದೆಂದು ಕಲಿತ ಗುಂಪು ಮರದಿಂದ ಇಳಿದು ವಾಹನಕ್ಕೆ ಸಿಗುತ್ತದೆ. ಗಂಡುಮರ ಯಾವುದು, ಹೆಣ್ಣುಮರ ಯಾವುದು ಎಂಬುದು ಹೂವು, ಕಾಯಿ ಇಲ್ಲದ ಕಾಲದಲ್ಲಿ ತಿಳಿಯುವುದಿಲ್ಲ. ಆ ಕಾಲಂ ಅನ್ನು ಊಹೆಯಿಂದ ತುಂಬದೆ ಈಗ ಖಾಲಿ ಬಿಟ್ಟು, ಪ್ರತಿ ಮರಕ್ಕೂ ಒಂದು ಸಂಖ್ಯೆ ಕೊಟ್ಟು ಇಟ್ಟುಕೊಂಡರೆ, ಹೂ ಬಿಟ್ಟಾಗ ಮತ್ತೆ ಹೋಗಿ ಭರ್ತಿ ಮಾಡಬಹುದು.